ವಾಯ್ಡ್ ಡೆಕ್‌ನ ಇಂಗ್ಲಿಷ್

ಟ್ಯಾಂಪಿನೀಸ್, ಸಿಂಗಪುರ
೧೪ ಜುಲೈ ೨೦೨೫, ಸೋಮವಾರ

ಬೆಳಗಿನ ಹನ್ನೊಂದು ಗಂಟೆ. ನಿನ್ನ ಅಣ್ಣ ಟುವಾಸ್‌ಗೆ ಕೆಲಸಕ್ಕೆ ಹೋಗಿದ್ದಾರೆ. ಜಪಾನಿನ ಹುಡುಗಿಯರಿಬ್ಬರೂ ಕ್ಲಾಸಿನಲ್ಲಿದ್ದಾರೆ. ನಿನ್ನ ಅಪ್ಪ ತಮ್ಮ ಕೋಣೆಯಲ್ಲಿದ್ದಾರೆ, ಬಾಗಿಲು ಅರ್ಧ ತೆರೆದಿದೆ.

ಪ್ರೀತಿಯ ನಳಿನಿ,

ಫೋನ್ ಇರುವಾಗ ಕಾಗದವೇಕೆ ಎಂದು ಕೇಳುತ್ತೀ. ನಿನ್ನ ಫೋನ್ ಯಾವಾಗಲೂ ಅಡುಗೆಮನೆಯ ಕಟ್ಟೆಯ ಮೇಲೆ ಸ್ಪೀಕರಿನಲ್ಲಿರುತ್ತದೆ. ಈ ಕಡೆ ನಿನ್ನ ಅಣ್ಣ ವಿಡಿಯೊ ಹಾಕಿ ಅಪ್ಪನ ಮುಖದ ಮುಂದೆ ಹಿಡಿಯುತ್ತಾರೆ. ಅಪ್ಪ "ಹ್ಞಾಂ, ಊಟ ಆಯ್ತು" ಅನ್ನುತ್ತಾರೆ. ನೀನು "ನಿಮ್ಮ ಕೋಣೆಗೆ ಬಣ್ಣ ಹೊಡೆಸಿದ್ದೇನೆ ಅಪ್ಪ, ತಿಳಿ ಹಸಿರು" ಅನ್ನುತ್ತೀ. ಅಲ್ಲಿಗೆ ಎಲ್ಲರಿಗೂ ಸಮಾಧಾನವಾಗಿ ಫೋನ್ ಇಡುತ್ತೇವೆ. ನಾನು ಹೇಳಬೇಕಾದದ್ದು ಆ ಫೋನಿನಲ್ಲಿ ಹಿಡಿಸುವಂಥದ್ದಲ್ಲ. ಪಕ್ಕದ ಬ್ಲಾಕಿನ ಬದರಿನಾಥ್ ಬುಧವಾರ ಮಂಗಳೂರಿಗೆ ಹೊರಡುತ್ತಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ತುಳುವಿನಲ್ಲಿ ಮಾತಾಡಿ ಕನ್ನಡದಲ್ಲಿ ಬರೆಯುವುದು ನಾವು ಒಂದೇ ಬೆಂಚಿನಲ್ಲಿ ಕೂತಿದ್ದ ಕಾಲದ ರೂಢಿ. ನೀನು ನನ್ನ ನಾದಿನಿಯಾದದ್ದು ಆಮೇಲೆ.

ವಿಷಯ ನಿನ್ನ ಅಪ್ಪನದು. ಇಲ್ಲಿ ಉಳಿಯಲು ಅವರಿಗಿರುವ ಪಾಸ್ ಆಗಸ್ಟಿನಲ್ಲಿ ಮುಗಿಯುತ್ತದೆ. ಅದನ್ನು ನವೀಕರಿಸದೆ ಆಗಸ್ಟ್ ಎರಡಕ್ಕೆ ಅವರನ್ನು ನಿನ್ನ ಹತ್ತಿರ ಕಳಿಸುವುದೆಂದು ನಾವೆಲ್ಲ ಸೇರಿ ತೀರ್ಮಾನಿಸಿ ಟಿಕೆಟ್ ತೆಗೆದಿದ್ದೇವೆ. ಕಳೆದ ಗುರುವಾರದವರೆಗೆ ಅದು ಸರಿಯೆಂದು ನನಗೆ ಖಚಿತವಾಗಿತ್ತು. ಈಗ ಇಲ್ಲ. ಹೇಗೆ ಇಲ್ಲವಾಯಿತು ಎಂದು ಹೇಳಬೇಕಾದರೆ ಜಪಾನಿನ ಹುಡುಗಿಯರಿಂದಲೇ ಶುರುಮಾಡಬೇಕು. ಸ್ವಲ್ಪ ತಾಳ್ಮೆಯಿಂದ ಓದು.

ಮಗಳು ಯಶ್ಮಿತಾ ಯೂನಿವರ್ಸಿಟಿ ಹಾಸ್ಟೆಲಿಗೆ ಹೋದ ಮೇಲೆ ಅವಳ ಕೋಣೆ ಖಾಲಿ ಬಿದ್ದಿತ್ತಲ್ಲ. ಇಲ್ಲಿನ ಕನ್ನಡದವರ ಕೂಟದಲ್ಲಿ ಪರಿಚಯವಾದ ವಿನುತಾ ಎಂಬವಳು ಒಂದು ಭಾಷಾ ಕೇಂದ್ರದ ಆಫೀಸಿನಲ್ಲಿದ್ದಾಳೆ. ಜಪಾನಿನ ಒಂದು ಕಾಲೇಜಿನಿಂದ ವಿದ್ಯಾರ್ಥಿಗಳು ಆರು ತಿಂಗಳ ಇಂಗ್ಲಿಷ್ ಕಲಿಕೆಗೆ ಅಲ್ಲಿಗೆ ಬರುತ್ತಾರೆ. ಅವರಲ್ಲಿ ಇಬ್ಬರನ್ನು ಫೆಬ್ರವರಿಯಲ್ಲಿ ನಮ್ಮ ಮನೆಯಲ್ಲಿ ಇಟ್ಟಳು. ಶಿಯೋರಿ ಮೂರನೆಯ ವರ್ಷದವಳು, ಕೊತೋನೆ ಎರಡನೆಯ ವರ್ಷದವಳು. ಆ ಒಂದು ವರ್ಷದ ಅಂತರ ಎಷ್ಟು ದೊಡ್ಡದೆಂದು ನನಗೆ ಆಗ ತಿಳಿದಿರಲಿಲ್ಲ.

ಜಪಾನಿನ ಕಾದಂಬರಿಗಳನ್ನು ಅನುವಾದದಲ್ಲಿ ಸಾಕಷ್ಟು ಓದಿದವಳು ನಾನು. ಆ ಜನರ ಬಗ್ಗೆ ನನಗೆ ಅಲ್ಪಸ್ವಲ್ಪ ಗೊತ್ತು ಎಂಬ ಎಣಿಕೆಯಿತ್ತು. ಆದರೆ ಅನುವಾದದಲ್ಲಿ ಎಲ್ಲರೂ ಸರಾಗವಾಗಿ ಮಾತಾಡುತ್ತಾರೆ, ಅದನ್ನು ಮರೆತಿದ್ದೆ. ಕೊತೋನೆ ಮೊದಲ ವಾರವಿಡೀ ಆಡಿದ್ದು 'ಥ್ಯಾಂಕ್ ಯು', 'ಸಾರಿ', 'ಡೆಲಿಶಿಯಸ್' ಇಷ್ಟೇ. ನೀರುದೋಸೆಗೂ ಡೆಲಿಶಿಯಸ್, ಕಾಯಿಸಿದ ನೀರಿಗೂ ಡೆಲಿಶಿಯಸ್. ಮನೆಯೊಳಗೆ ಇಬ್ಬರೂ ತಗ್ಗಿದ ದನಿಯಲ್ಲಿ ಜಪಾನಿ ಆಡಿಕೊಳ್ಳುತ್ತಿದ್ದರು. ಶಿಯೋರಿ ಕೂರುವವರೆಗೆ ಕೊತೋನೆ ಕೂರುವುದಿಲ್ಲ. ಶಿಯೋರಿಯ ಲೋಟದಲ್ಲಿ ನೀರು ಇಳಿದರೆ ಕೊತೋನೆಯ ಕೈ ತಾನಾಗಿ ಜಗ್ಗಿಗೆ ಹೋಗುತ್ತದೆ.

ಮೇ ತಿಂಗಳಲ್ಲಿ ವಿನುತಾ ಫೋನ್ ಮಾಡಿದಳು. "ಉಮಾ ಆಂಟಿ, ಆ ಕೊತೋನೆ ಕ್ಲಾಸಲ್ಲಿ ಬಾಯೇ ಬಿಡಲ್ಲ. ಟೀಚರ್‌ಗೆ ಟೆನ್ಷನ್ ಆಗ್ಬಿಟ್ಟಿದೆ. ಕ್ಲಾಸ್ ಬಿಟ್ಟು ಹೊರಗಡೆ ಎಲ್ಲಾದ್ರೂ ಇಂಗ್ಲಿಷ್ ಯೂಸ್ ಮಾಡ್ತಾಳಾ, ಸ್ವಲ್ಪ ಅಬ್ಸರ್ವ್ ಮಾಡಿ ಹೇಳ್ತೀರಾ?" ಅಂದಳು. ಪತ್ತೇದಾರಿ ಕೆಲಸ ನನಗೆ ಬಾರದು ಅಂದೆ. "ಅಯ್ಯೋ ಆಂಟಿ, ಇಡೀ ದಿನ ಓದೋರು ನೀವು, ನಿಮ್ಗಿಂತ ಚೆನ್ನಾಗಿ ಯಾರು ಅಬ್ಸರ್ವ್ ಮಾಡ್ತಾರೆ" ಅಂದಳು. ಹೊಗಳಿಕೆಯೋ ಚುಚ್ಚುವಿಕೆಯೋ, ನಾನು ಗಮನಿಸತೊಡಗಿದ್ದು ನಿಜ. ಮೊದಲು ಕರ್ತವ್ಯಕ್ಕೆ, ಆಮೇಲೆ ಕುತೂಹಲಕ್ಕೆ.

ಹೊರಗೆ ಇಂಗ್ಲಿಷ್ ಬಳಸುವುದು ಅವರಿಗೆ ನಾವು ಅಂದುಕೊಂಡಷ್ಟು ಸುಲಭವಲ್ಲ. ಒಂದು ಶನಿವಾರ ಇಬ್ಬರನ್ನೂ ತಿಂಡಿ ಅಂಗಡಿಗಳ ಹಾಕರ್ ಸೆಂಟರಿಗೆ ಕರೆದುಕೊಂಡು ಹೋದೆ. ಶಿಯೋರಿ ದಾರಿಯಿಡೀ ಒಂದು ವಾಕ್ಯವನ್ನು ತುಟಿಯಲ್ಲೇ ತಿದ್ದುತ್ತ ಬಂದಳು. ನೂಡಲ್ಸ್ ಅಂಗಡಿಯ ಆಂಟಿ ಅವಳ ಮುಖ ನೋಡಿದ್ದೇ ಚೀನೀ ಭಾಷೆಯಲ್ಲಿ ಸುರಿಸಿಬಿಟ್ಟಳು. ಶಿಯೋರಿ ತಿದ್ದಿ ತಂದ ವಾಕ್ಯ ಅಲ್ಲೇ ಉದುರಿತು. "ಐ ಆಮ್ ಜಪಾನೀಸ್" ಎಂದಳು, ತಪ್ಪು ಒಪ್ಪಿಕೊಳ್ಳುವಂತೆ. ಆಂಟಿ, "ಜಪಾನೀಸ್ ಆಹ್? ಫೇಸ್ ಸೇಮ್ ಸೇಮ್ ವಾಟ್. ಚಿಲ್ಲಿ ವಾಂಟ್?" ಎಂದಳು. ಇಬ್ಬರೂ ತಲೆಯಾಡಿಸಿದರು. ಅವರ ಅಂದಿನ ಇಂಗ್ಲಿಷ್ ಅಷ್ಟು. ಕಪ್ಪಗಿರುವ ನನ್ನೊಡನೆ ಎಲ್ಲರೂ ಇಂಗ್ಲಿಷ್ ಆಡುತ್ತಾರೆ, ಕಲಿಯಲು ಬಂದ ಅವರೊಡನೆ ಯಾರೂ ಆಡುವುದಿಲ್ಲ.

ಆದರೆ ಕೊತೋನೆಗೆ ಬೇರೆಯೇ ಒಂದು ಇಂಗ್ಲಿಷ್ ಇತ್ತು. ಅವಳು ಕ್ರೋಶಾ ಹೆಣೆಯುತ್ತಾಳೆ. ಫೋನಿನಲ್ಲಿ ಹೆಣೆಯುವವರದೊಂದು ಗುಂಪಿದೆ. ಬ್ರೆಜಿಲ್‌ನ ಒಬ್ಬ ನರ್ಸ್, ಟರ್ಕಿಯ ಒಬ್ಬ ಅಜ್ಜಿ, ಇನ್ನಾರೋ. ಅವರಲ್ಲಿ ಒಬ್ಬರಿಗೂ ಇಂಗ್ಲಿಷ್ ಮನೆಮಾತಲ್ಲ. ಕ್ಲಾಸಿನಲ್ಲಿ ಬಾಯಿ ಬಿಡದವಳು ಅಲ್ಲಿ ಉದ್ದುದ್ದ ಬರೆಯುತ್ತಾಳೆ, ಜಗಳವನ್ನೂ ಆಡುತ್ತಾಳೆ. ಅದು ಹೇಗೆ ಎಂದು ಕೇಳಿದೆ. ಅಲ್ಲಿ ಯಾರೂ ಗೆದ್ದಿಲ್ಲ ಎಂಬರ್ಥದ ಏನೋ ಹೇಳಿದಳು. ನಾನು ತಕ್ಷಣ ಅವಳ ಕ್ರಿಯಾಪದ ಸರಿಪಡಿಸಿದೆ. ಅವಳು "ಥ್ಯಾಂಕ್ ಯು" ಎಂದು ಮತ್ತೆ ಹೆಣಿಗೆಗೆ ತಲೆ ಬಗ್ಗಿಸಿದಳು.

ಜೂನಿನ ಒಂದು ಸಂಜೆ ಮಾರ್ಕೆಟ್ಟಿನಿಂದ ಬಸಳೆ ಹಿಡಿದು ಬರುತ್ತಿದ್ದೆ. ನಮ್ಮ ಬ್ಲಾಕಿನ ಬುಡದಲ್ಲಿ ಕಂಬಗಳ ನಡುವಿನ ಆ ತೆರೆದ ನೆಲ, ಅದೇ ವಾಯ್ಡ್ ಡೆಕ್, ನೀನು ವಿಡಿಯೊದಲ್ಲಿ ನೋಡಿದ್ದೀ. ಅಲ್ಲಿನ ಕಲ್ಲಿನ ಮೇಜಿನ ಎದುರುಬದುರು ಕೂತು ಹುಡುಗಿಯರಿಬ್ಬರೂ ಜಗಳವಾಡುತ್ತಿದ್ದರು, ಇಂಗ್ಲಿಷಿನಲ್ಲಿ. ಭಾನುವಾರ ಎಲ್ಲಿಗೆ ಹೋಗುವುದೆಂದು ಪ್ರತಿಸಲವೂ ನೀನೇ ನಿರ್ಧರಿಸುತ್ತೀ, ನನಗೆ ಇಷ್ಟವಿಲ್ಲ, ನನಗೆ ಕಾಲು ನೋಯುತ್ತದೆ ಎಂದು ಕಿರಿಯವಳು ಹಿರಿಯವಳ ಮುಖಕ್ಕೆ ಹೇಳುತ್ತಿದ್ದಳು. ಜಗ್ ಹಿಡಿಯುವ ಕೈ ಮೇಜು ಬಡಿಯುತ್ತಿತ್ತು. ಶಿಯೋರಿ, ನೀನು ಹೇಳದೆ ನನಗೆ ಹೇಗೆ ಗೊತ್ತಾಗಬೇಕು ಎನ್ನುತ್ತಿದ್ದಳು. ಪಕ್ಕದ ಬೆಂಚಿನಲ್ಲಿ ನಿನ್ನ ಅಪ್ಪ, ನನ್ನ ಮಾವ.

ಮಾವ ದಿನವೂ ನಾಲ್ಕು ಗಂಟೆಗೆ ಇಳಿದು ಅಲ್ಲಿ ಕೂರುತ್ತಾರೆ. ಹುಡುಗಿಯರ ದನಿ ಇನ್ನೂ ಏರಿತು. ಇದ್ದಕ್ಕಿದ್ದಂತೆ ಮಾವ ಕೈಯೆತ್ತಿ, "ಹೋಲ್ಡಾನ್" ಎಂದು ಕೂಗಿದರು. ನಳಿನಿ, ಕಾರ್ಕಳದ ಬಸ್ಸಿನ ಕಂಡಕ್ಟರಾಗಿದ್ದಾಗ ಹಿಂಬಾಗಿಲಲ್ಲಿ ನಿಂತು ಬಸ್ಸು ನಿಲ್ಲಿಸಲು ಕೂಗುತ್ತಿದ್ದ ಅದೇ ಕೂಗು. ಕಂಬದ ಬುಡದ ಬೆಕ್ಕು ಎದ್ದು ಓಡಿತು. ಹುಡುಗಿಯರು ಬೆಚ್ಚಿ ನಿಂತರು. ಮಾವ ಕೊತೋನೆಯತ್ತ ಬೆರಳು ತೋರಿಸಿ, "ದಿಸ್ ಸೈಡ್, ರೈಟ್" ಎಂದರು. ಆಮೇಲೆ ಶಿಯೋರಿಯತ್ತ ತಿರುಗಿ, "ಯು ಆಲ್ಸೋ ರೈಟ್. ಲಿಟಲ್ ಲೇಟ್" ಎಂದರು. ಆಮೇಲೆ ಹುಡುಗಿಯರು ನಕ್ಕ ನಗು ಲಿಫ್ಟಿನವರೆಗೂ ಕೇಳಿಸಿತು. ನಾನು ಬಸಳೆ ಹಿಡಿದು ಇನ್ನೊಂದು ಕಡೆಯಿಂದ ಮೇಲೆ ಹೋದೆ.

ಆ ರಾತ್ರಿ ತಟ್ಟೆ ಒರೆಸುವಾಗ ಶಿಯೋರಿಯನ್ನು ಕೇಳಿದೆ. ಅವಳು ನಾಚಿಕೊಂಡು ವಿವರಿಸಿದಳು. ಅವರಿಬ್ಬರಲ್ಲಿ ಒಂದು ಒಪ್ಪಂದವಿದೆಯಂತೆ: ದೂರು ಏನಿದ್ದರೂ ಕೆಳಗೆ, ಇಂಗ್ಲಿಷಿನಲ್ಲಿ. ಜಪಾನಿಯಲ್ಲಾದರೆ ಕಿರಿಯವಳು ಬಾಯಿ ತೆರೆಯುವ ಮೊದಲೇ ಕ್ಷಮೆ ಕೇಳಬೇಕು, ಕೇಳಿಕೇಳಿ ದೂರು ಕರಗಿಯೇ ಹೋಗುತ್ತದೆ. ಹಿರಿಯವಳು ಪರವಾಗಿಲ್ಲ ಎನ್ನಬೇಕು, ಅಂದಮೇಲೆ ಮುಗಿಯಿತು. ಇಂಗ್ಲಿಷಿನಲ್ಲಿ ಅವರಿಗೆ ಯಾರೂ ಹಿರಿಯರಿಲ್ಲ. ಇಬ್ಬರೂ ಕೆಟ್ಟದಾಗಿ ಆಡುವವರು, ಅಷ್ಟೇ. ಕ್ಲಾಸಿನಲ್ಲಿ ಯಾಕೆ ಆಡುವುದಿಲ್ಲ ಎಂದರೆ, ಅಲ್ಲಿ ಟೀಚರ್ ಇದ್ದಾರಲ್ಲ ಎಂದಳು.

ವಿನುತಾಗೆ ಫೋನ್ ಮಾಡಿ, ಬಳಸುತ್ತಾರೆ, ಚೆನ್ನಾಗಿಯೇ ಬಳಸುತ್ತಾರೆ, ಜಗಳಕ್ಕೆ ಎಂದೆ. "ಸೂಪರ್ ಆಂಟಿ, ಅದು ಅಡ್ವಾನ್ಸ್ಡ್ ಲೆವೆಲ್" ಅಂದಳು.

ಇನ್ನು ಮಾವನ ವಿಷಯ. ನಮ್ಮ ಮನೆಯಲ್ಲಿ ಸೊಸೆ ಮಾವನ ಎದುರು ಕೂತು ಮಾತಾಡುವ ಪದ್ಧತಿಯಿಲ್ಲ. ನಾನು ಮದುವೆಯಾಗಿ ಬಂದಂದಿನಿಂದ ಹಾಗೆಯೇ ನಡೆದಿದೆ, ಯಾರೂ ನನ್ನನ್ನು ಒತ್ತಾಯಿಸಿದ್ದಲ್ಲ. ಊರಿನಲ್ಲಿದ್ದಾಗ ಅತ್ತೆ ನಡುವೆ ಇದ್ದರು. ಇಲ್ಲಿ ಹಗಲಿಡೀ ನಾವಿಬ್ಬರೇ. ಚಹಾ ಮೇಜಿನ ಮೇಲಿಡುವಾಗ ಲೋಟವನ್ನು ಸ್ವಲ್ಪ ಸದ್ದಾಗುವಂತೆ ಇಡುತ್ತೇನೆ, ಅವರು ಬರುತ್ತಾರೆ. ಬಡಿಸುವಾಗ ಸೌಟು ಹಿಡಿದು ನಿಲ್ಲುತ್ತೇನೆ, ಸಾಕಾದರೆ ಕೈ ಅಡ್ಡ ಹಿಡಿಯುತ್ತಾರೆ. ಏನಾದರೂ ಹೇಳಬೇಕಾದರೆ ಸಂಜೆಯವರೆಗೆ ಕಾದು ನಿನ್ನ ಅಣ್ಣನ ಮೂಲಕ. ಮಗನೊಡನೆಯೂ ಅವರ ಮಾತು ಹೂಂ, ಬೇಡ, ಆಯ್ತು ಇಷ್ಟಕ್ಕೇ ಇಳಿದಿತ್ತು. ಊರು ಕಾಡುತ್ತಿದೆ ಎಂದು ನಾವು ಅರ್ಥ ಮಾಡಿಕೊಂಡೆವು. ನೀನೂ ಹಾಗೆಯೇ ಅಂದೆ. ತಿಳಿ ಹಸಿರು ಬಣ್ಣ ಆ ಲೆಕ್ಕದಲ್ಲಿ ಬಂದದ್ದು.

ಹೋಲ್ಡಾನ್ ಎಂದ ದಿನದಿಂದ ಕೊತೋನೆ ಕ್ಲಾಸು ಮುಗಿಸಿ ಬರುವಾಗ ದಿನವೂ ಅವರ ಹತ್ತಿರ ಸ್ವಲ್ಪ ಹೊತ್ತು ಕೂರುತ್ತಾಳೆ. ಅವರ ಇಂಗ್ಲಿಷ್ ಎಂದರೆ ಬಸ್ಸಿನ ಇಂಗ್ಲಿಷ್. ಸೀಟ್, ಫುಲ್, ಸೈಡ್, ಚೇಂಜ್, ಲಾಸ್ಟ್ ಸ್ಟಾಪ್. ಅವಳದು ಹೆಣಿಗೆಯ ಇಂಗ್ಲಿಷ್. ಇಷ್ಟರಲ್ಲಿ ಏನು ಮಾತಾಡುತ್ತಾರೆ ಎಂದು ನನಗೆ ಆಶ್ಚರ್ಯ. ಬಾಲ್ಕನಿಯಿಂದ ನೋಡಿದರೆ ಮಾವನ ಕೈ ಗಾಳಿಯಲ್ಲಿ ಆಡುತ್ತಿರುತ್ತದೆ. ಅಷ್ಟು ಕೈಯಾಡಿಸಿ ಮಾತಾಡುವ ಮನುಷ್ಯ ಮೇಲೆ ಬಂದು ಚಪ್ಪಲಿ ಬಿಟ್ಟ ಕೂಡಲೇ ಹೂಂ, ಬೇಡ.

ಕಳೆದ ಗುರುವಾರ ಕೆಳಗಿನ ಟಪಾಲು ಡಬ್ಬಿಗಳ ಹತ್ತಿರ ಹೋದೆ. ಡಬ್ಬಿಗಳ ಸಾಲು ಅವರು ಕೂರುವ ಬೆಂಚಿನ ಹಿಂದೆಯೇ ಇದೆ. ನಮ್ಮ ಡಬ್ಬಿಯಲ್ಲಿ ಏನೂ ಇರಲಿಲ್ಲ, ಆದರೂ ಬಾಗಿಲು ತೆರೆದುಕೊಂಡು ನಿಂತೆ. ಕದ್ದು ಕೇಳಿದೆ ಎಂದು ನೇರವಾಗಿ ಬರೆಯುವುದೇ ಸರಿ.

ಕೊತೋನೆ ಕೇಳುತ್ತಿದ್ದಳು: "ಅಂಕಲ್, ಆಗಸ್ಟ್ ಯು ಗೋ ಹೋಮ್. ಹ್ಯಾಪಿ?"

"ನಾಟ್ ಹೋಮ್. ವೈಫ್ ಹೌಸ್."

ಅವಳಿಗೆ ತಿಳಿಯಲಿಲ್ಲ. "ವೈಫ್ ಹೌಸ್, ಯುವರ್ ಹೌಸ್. ಸೇಮ್?"

"ನೋ ಸೇಮ್. ವೈಫ್ ದೇರ್, ಮೈ ಸೀಟ್ ದೇರ್. ವೈಫ್ ಫಿನಿಶ್. ನೌ ಡಾಟರ್ ಹೌಸ್. ಡಾಟರ್ ಗುಡ್. ಸನ್ ಇನ್ ಲಾ, ವೆರಿ ಗುಡ್. ಬಟ್ ಮೀ ಸ್ಟ್ಯಾಂಡಿಂಗ್."

ಅಷ್ಟಂದು ಎದ್ದು ನಿಂತರು. ತಲೆಯ ಮೇಲೆ ಇಲ್ಲದ ಕಂಬಿ ಹಿಡಿದು, ತಿರುವಿನಲ್ಲಿ ಬಸ್ಸು ವಾಲಿದಂತೆ ವಾಲಿ ತೋರಿಸಿದರು. ಕೊತೋನೆ ನಕ್ಕಳು. ಆಮೇಲೆ ನಗಲಿಲ್ಲ. "ಹಿಯರ್?" ಎಂದು ಕೇಳಿದಳು.

ಮಾವ ಯೋಚಿಸಿದರು. "ಹಿಯರ್ ಆಲ್ಸೋ ಸ್ಟ್ಯಾಂಡಿಂಗ್. ಬಟ್ ವಿಂಡೋ ಸೈಡ್" ಎಂದರು.

ಮಗನಿಗೆ ಹೇಳಿ ಎಂದಳು ಅವಳು. ಮಗನಿಗೆ ಸಿಟ್ಟು ಬರುತ್ತದೆ, ಮಗಳು ಅಳುತ್ತಾಳೆ ಎಂದರು. ಹಾಗಾದರೆ ಸೊಸೆಗೆ? ಮಾವ ಎರಡೂ ಅಂಗೈ ಜೋಡಿಸಿ ಪುಸ್ತಕದಂತೆ ತೆರೆದು, ಅದರೊಳಗೆ ಮೂಗು ಹುದುಗಿಸಿದರು. ಅದಕ್ಕೂ ಕೊತೋನೆ ನಕ್ಕಳು. ನಾನು ಡಬ್ಬಿಯ ಬಾಗಿಲು ಸದ್ದಾಗದಂತೆ ಮುಚ್ಚಿದೆ.

ನಳಿನಿ, ನಮ್ಮ ಕಡೆಯ ಅಳಿಯಸಂತಾನದ ಕಟ್ಟು ನಿನಗೆ ನಾನು ಹೇಳಬೇಕಾಗಿಲ್ಲ. ಮನೆ ತಾಯಿಯಿಂದ ಮಗಳಿಗೆ. ಆ ಮನೆ ಅತ್ತೆಯ ತಾಯಿಯದಾಗಿತ್ತು, ಅತ್ತೆಯದಾಯಿತು, ಈಗ ನಿನ್ನದು. ಗಂಡಸು ಅಲ್ಲಿರುವುದು ಹೆಂಡತಿಯ ಗಂಡನಾಗಿ. ಅವಳು ತೀರಿಕೊಂಡರೆ ಅವನು ತನ್ನ ಕುಟುಂಬದ ಮನೆಗೆ, ಅಕ್ಕತಂಗಿಯರ ಕಡೆಗೆ ಹೊರಡಬೇಕೆಂದು ಹಳಬರು ಹೇಳುತ್ತಿದ್ದರು. ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು. ನಮಗಾರಿಗೂ ಅದು ನೆನಪಿನಲ್ಲೂ ಇರಲಿಲ್ಲ. ಮಾವನ ಕುಟುಂಬದ ಮನೆ ಪಾಲಾಗಿ, ಅವರ ಅಕ್ಕನೂ ಹೋಗಿ, ಅಲ್ಲಿ ಈಗ ಯಾರದೋ ಟೈಲ್ಸ್ ಅಂಗಡಿ ಇದೆ. ಅತ್ತೆಯ ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದ ವಾರದಲ್ಲೇ ಅವರು, ನಾನು ದಿವಾಕರನ ಜೊತೆ ಸಿಂಗಪುರಕ್ಕೆ ಹೋಗುತ್ತೇನೆ ಎಂದು ಚೀಲ ಕಟ್ಟಿಕೊಂಡು ಕೂತದ್ದು ನಿನಗೆ ನೆನಪಿರಬಹುದು. ದುಃಖದಲ್ಲಿ ಹಾಗೆ ಮಾಡುತ್ತಿದ್ದಾರೆ ಅಂದುಕೊಂಡೆವು. ಅವರು ಕಟ್ಟು ಪಾಲಿಸುತ್ತಿದ್ದರು. ಆ ಮನೆಗೇ ಅವರನ್ನು ವಾಪಸು ಕಳಿಸುತ್ತಿದ್ದೇವೆ, ಅದೂ ಉಪಕಾರವೆಂದು.

ಅನುವಾದಗಳನ್ನೇ ಓದುವವರಿಗೆ ಒಂದು ಅಭ್ಯಾಸ ಬೆಳೆದಿರುತ್ತದೆ. ಪ್ರತಿ ವಾಕ್ಯದ ಹಿಂದೆ ಇನ್ನೊಂದು ಭಾಷೆಯ ಮೂಲ ವಾಕ್ಯವಿದೆ ಎಂದು ನಂಬಿ ಅದನ್ನು ಊಹಿಸುತ್ತೇವೆ. ಕೊತೋನೆಯ ಇಂಗ್ಲಿಷನ್ನು ಹಾಗೆಯೇ ಕೇಳುತ್ತಿದ್ದೆ. ಮಾವನ ಆ ಮಾತಿಗೂ ಮೂಲವನ್ನು ಹುಡುಕಿದೆ. ತುಳುವಿನಲ್ಲಿ ಅದು ಹೇಗಿರಬಹುದು ಎಂದು ಮನಸ್ಸಿನಲ್ಲೇ ಕಟ್ಟಿ ನೋಡಿದೆ. ಕಟ್ಟಲಾಗಲಿಲ್ಲ. ತಂದೆಯಾದವನು ಮಕ್ಕಳಿಗೆ ಹಾಗೆ ಹೇಳುವ ಮಾತು ನಮ್ಮಲ್ಲಿ ನಾನು ಕೇಳಿಯೇ ಇಲ್ಲ. ಅವರು ಮೊದಲ ಸಲ ಅದನ್ನು ಹೇಳಿದ್ದೇ ಇಂಗ್ಲಿಷಿನಲ್ಲಿ ಇರಬೇಕು.

ಆ ಸಂಜೆ ನಿನ್ನ ಅಣ್ಣನಿಗೆ ಹೇಳಿದೆ. ಅವರು ನಕ್ಕುಬಿಟ್ಟರು. "ಅಪ್ಪ? ಇಂಗ್ಲಿಷಲ್ಲಿ? ನಿನ್ನ ಕಾದಂಬರಿ ಸಾಕು ಮಾರಾಯ್ತಿ" ಅಂದರು. ಆದರೂ ಅವರಿಗೆ ಸುಮ್ಮನಿರಲಾಗಲಿಲ್ಲ. ಮರುದಿನ ಊಟಕ್ಕೆ ಕೂತಾಗ ತಾವಾಗಿ ಕೇಳಿದರು: ಅಪ್ಪ, ಊರಿಗೆ ಹೋಗುವುದು ನಿಮಗೆ ಖುಷಿ ತಾನೇ? ಮಾವ ಮೀನಿನ ಮುಳ್ಳು ಬಿಡಿಸುತ್ತ, "ನೀವೆಲ್ಲ ಹೇಳಿದ ಹಾಗೆ" ಎಂದರು. ನಿಮಗೇನನಿಸುತ್ತದೆ ಎಂದು ಮತ್ತೆ ಕೇಳಿದರು. "ನನಗೆಂಥದು ಅನಿಸುವುದು. ಸಾರಿಗೆ ಉಪ್ಪು ಸರಿ ಉಂಟು" ಎಂದರು. ನಿನ್ನ ಅಣ್ಣ ನನ್ನ ಕಡೆ ನೋಡಿದರು, ನೋಡಿದೆಯಾ ಎಂಬಂತೆ. ಕೊತೋನೆ ತಟ್ಟೆಯಿಂದ ತಲೆ ಎತ್ತಲಿಲ್ಲ. ತುಳು ತಿಳಿಯದಿದ್ದರೂ ಅವಳಿಗೆ ಎಲ್ಲ ತಿಳಿದಂತಿತ್ತು. ಹಾಗೆ ಬಾಯಿಗೆ ಬರುವ ಮೊದಲೇ ಮಾತು ಕರಗುವುದನ್ನು ಅವಳು ತನ್ನ ಮನೆಯಲ್ಲೇ ನೋಡಿರಬೇಕು.

ಶನಿವಾರ ಅವಳು ಬಟ್ಟೆ ಮಡಿಸುತ್ತಿದ್ದಾಗ, ನಾನು ಕೇಳಿಸಿಕೊಂಡೆ ಎಂದು ಅವಳಿಗೆ ಹೇಳಿದೆ. ಅವಳ ಮುಖ ಕೆಂಪಾಯಿತು. ನನ್ನ ಮೇಲಿನ ಸಿಟ್ಟು ಅದು ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅದು ಕೆಳಗಿನ ಮಾತು, ಮೇಲೆ ತರುವಂಥದ್ದಲ್ಲ ಎಂದಳು, ಅವಳ ಮುರುಕು ವಾಕ್ಯಗಳಲ್ಲಿ. ನಾನು ಈ ಸಲ ಏನನ್ನೂ ಸರಿಪಡಿಸಲಿಲ್ಲ. ಕೊನೆಗೆ ಅವಳೇ ಇನ್ನೊಂದು ಮಾತು ಹೇಳಿದಳು: ನಾನು ಆಗಸ್ಟಿನಲ್ಲಿ ಹೋಗಿಬಿಡುವವಳು, ಅದಕ್ಕೇ ಅವರು ನನಗೆ ಹೇಳಿದ್ದು. ನೀವು ಹೋಗುವವರಲ್ಲ. ನಿಮಗೆ ಹೇಳುವುದು ಕಷ್ಟ.

ನಿನ್ನೆ ಯಶ್ಮಿತಾ ಊಟಕ್ಕೆ ಬಂದಿದ್ದಳು. ಅವಳಿಗೂ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಅಮ್ಮ, ಅಜ್ಜ ಟಾಕ್ಸ್ ಅ ಲಾಟ್ ಲಾ. ನೀವೇ ಯಾರೂ ಅಜ್ಜನ ಹತ್ರ ಮಾತಾಡಲ್ಲ. ನಂಗೆ ಕಂಡಕ್ಟರ್ ಸ್ಟೋರೀಸ್ ಎಲ್ಲ ಗೊತ್ತು. ಇನ್ಸ್‌ಪೆಕ್ಟರ್ ಬಸ್ ಹತ್ತಿದಾಗ ಟಿಕೆಟ್ ಇಲ್ದಿದ್ದ ಯಾವ್ದೋ ಅಜ್ಜಿನ ಕೋಳಿ ಬುಟ್ಟಿ ಹಿಂದೆ ಬಚ್ಚಿಟ್ಟಿದ್ದು, ಗೊತ್ತಾ ನಿಂಗೆ?" ನನಗೆ ಗೊತ್ತಿರಲಿಲ್ಲ. ಅಜ್ಜ ಯಾವ ಭಾಷೆಯಲ್ಲಿ ಹೇಳಿದರು ಎಂದೆ. "ಹಾಫ್ ಹಾಫ್ ಲಾ. ನಂಗೆ ತುಳು ಬರಲ್ಲ, ಅವ್ರಿಗೆ ಇಂಗ್ಲಿಷ್ ಬರಲ್ಲ. ಸೋ ಫೇರ್." ಅಜ್ಜನನ್ನು ನೀನೇ ಕೇಳುತ್ತೀಯಾ ಎಂದು ಅವಳನ್ನು ಕೇಳಬೇಕೆಂದು ಬಾಯಿಗೆ ಬಂದಿತ್ತು. 'ನಾನ್ ಕೇಳ್ತೀನಿ ಬಿಡು' ಎಂದು ಅವಳೇ ಅಂದಳು ಕೂಡ. ಬೇಡವೆಂದೆ. ಇಷ್ಟು ವರ್ಷ ನಾನು ಅವರ ಹತ್ತಿರ ಎಲ್ಲವನ್ನೂ ಇನ್ನೊಬ್ಬರ ಕೈಯಲ್ಲೇ ಕೇಳಿಸಿದ್ದೇನೆ.

ಇಲ್ಲಿಯವರೆಗೆ ಓದಿ ನೀನು ಅತ್ತಿದ್ದರೆ, ಮಾವನ ಮಾತು ಸುಳ್ಳಾಗಲಿಲ್ಲ. ಅವರಿಗೆ ನಿನ್ನ ಮೇಲೆ ಪ್ರೀತಿ ಕಡಿಮೆಯೆಂದು ಮಾತ್ರ ತಿಳಿಯಬೇಡ. ಡಾಟರ್ ಗುಡ್ ಎಂದಾಗ ಅವರ ದನಿ ಹೇಗಿತ್ತೆಂದು ಬರೆಯಲು ನನಗೆ ಬರುವುದಿಲ್ಲ. ನಿನ್ನಿಂದ ನನಗೆ ಬೇಕಾದದ್ದು ಒಂದೇ. ಆ ಮನೆ ಈಗ ನಿನ್ನದು. ಅಲ್ಲಿ ಅವರು ಯಾರಾಗಿ ಇರಬೇಕೆಂದು ನೀನು ಎಂದಾದರೂ ಅವರಿಗೆ ಬಾಯಿಬಿಟ್ಟು ಹೇಳಿದ್ದೀಯಾ? ಹೇಳಿರಲಾರೆ. ಮಗಳಿಗೆ ಹಾಗೆ ಹೇಳಬೇಕೆಂದು ಯಾಕೆ ಹೊಳೆಯಬೇಕು. ಹೇಳುವುದಿದ್ದರೆ ಸ್ಪೀಕರಿನಲ್ಲಿ ಬೇಡ. ಅವರಿಗೇ ಒಂದು ಕಾಗದ ಬರೆ. ಬದರಿನಾಥ್ ತಿಂಗಳ ಕೊನೆಗೆ ವಾಪಸು ಬರುತ್ತಾನೆ, ಆಗಸ್ಟ್ ಎರಡಕ್ಕೆ ಮೊದಲು.

ನಿನ್ನ ಗಂಡನಿಗೂ ಮಕ್ಕಳಿಗೂ ನನ್ನ ನೆನಪು. ಮಾವನ ಕೋಣೆಯಿಂದ ಕೆಮ್ಮು ಕೇಳಿಸಿತು. ಚಹಾದ ಹೊತ್ತಾಯಿತು.

ನಿನ್ನ ಬೆಂಚಿನವಳು,
ಉಮಾವತಿ

ಮರೆತದ್ದು: ಮರೆಯಲಿಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಮಾವನಿಗೆ ಊರು ಕಾಡುತ್ತಿದೆ ಎಂದು ನಿನ್ನ ಅಣ್ಣನಿಗೆ ಮೊದಲು ಹೇಳಿದವಳು ನಾನು. ಅದರ ಹಿಂದಿನ ದಿನ, ಅವರು ಕೆಳಗಿದ್ದಾಗ, ಅವರ ಕೋಣೆಯ ಗೋಡೆಯನ್ನು ಅಳೆದಿದ್ದೆ. ನೆಲದಿಂದ ಚಾವಣಿಯವರೆಗೆ ಪುಸ್ತಕದ ಶೆಲ್ಫು. ಉಬಿ ಬಡಾವಣೆಯ ಒಂದು ಬಡಗಿ ಅಂಗಡಿಗೆ ಹೇಳಿಯೂ ಆಗಿದೆ. ಕೊತೋನೆಗೆ, ಯಶ್ಮಿತಾಗೆ, ನಿನ್ನ ಅಣ್ಣನಿಗೆ ಯಾರಿಗೂ ಇದು ಗೊತ್ತಿಲ್ಲ. ನಾಳೆ ನಾಲ್ಕು ಗಂಟೆಗೆ ಮಾವ ಇಳಿದ ಮೇಲೆ ನಾನೂ ಇಳಿಯುತ್ತೇನೆ. ಅವರ ಎದುರಿನ ಕಲ್ಲುಪೀಠದ ಮೇಲೆ ಕೂರುತ್ತೇನೆ, ಕೂತೇ ಮಾತಾಡುತ್ತೇನೆ. ಮೊದಲು ಶೆಲ್ಫಿನ ವಿಷಯ ಹೇಳಿ, ಆಮೇಲೆ ಹೋಗುತ್ತೀರೋ ಇರುತ್ತೀರೋ ಎಂದು ಇಂಗ್ಲಿಷಿನಲ್ಲಿ ಕೇಳುವುದೆಂದು ನಿರ್ಧರಿಸಿದ್ದೇನೆ. ವಾಕ್ಯವನ್ನು ಮನಸ್ಸಿನಲ್ಲಿ ಎಷ್ಟು ಸಲ ಕಟ್ಟಿದರೂ ಅದು ತೀರಾ ಸರಿಯಾಗಿ ಬರುತ್ತಿದೆ. ನಾಳೆಯೊಳಗೆ ಅದನ್ನು ಸ್ವಲ್ಪ ಕೆಡಿಸಬೇಕು.